ಎರಡನೆಯ ಕಪ್ಪು-ಬಸಿ

ಹುಳಿ ಬಂದ ಗಂಜಿಯ ವಾಸನೆ ಎಂದರೆ ಈಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಅದು ಬೆಳಗಿನ ವಾಸನೆ. ಬೆಟಗೇರಿಯ ನಮ್ಮ ನೇಕಾರರ ಓಣಿಯಲ್ಲಿ ಬಿಸಿಲು ಏರುವ ಮೊದಲೇ ಮಗ್ಗಕ್ಕೇರಿಸುವ ಹಾಸಿನ ನೂಲನ್ನು ಓಣಿಯುದ್ದಕ್ಕೂ ಎಳೆದು ಕಟ್ಟುತ್ತಿದ್ದರು. ಒಂದು ಬದಿಗೆ ಅಪ್ಪ, ಇನ್ನೊಂದು ಬದಿಗೆ ಅವ್ವ, ಕುಂಚದಿಂದ ಗಂಜಿ ಹಚ್ಚುತ್ತ ಮುಂದೆ ಮುಂದೆ ಹೋಗುತ್ತಿದ್ದರು. ನಾನು ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಆ ನೂಲಿನ ಕೆಳಗೆ ಬಗ್ಗಿ ದಾಟುವಾಗ ತಲೆಯ ಮೇಲೆ ಒಂದೆರಡು ಹನಿ ಬೀಳುತ್ತಿತ್ತು. ಶಾಲೆಯಲ್ಲಿ ಪಕ್ಕದ ಹುಡುಗಿ, "ಏನವಾ, ಹುಳಿ ಅಂಬಲಿ ಮೈಮ್ಯಾಲ ಸುರವಿಕೊಂಡ ಬಂದೀಯೇನ?" ಎಂದು ಸರಿದು ಕೂಡುತ್ತಿದ್ದಳು. ಒಮ್ಮೆ ಬಟ್ಟೆಗೆ ಹತ್ತಿತೆಂದರೆ ಆ ವಾಸನೆ ಬೇಗ ಬಿಡುವುದಿಲ್ಲ.

ಕಳೆದ ಶ್ರಾವಣದ ಒಂದು ಮಂಗಳವಾರ, ಮುಳಗುಂದ ನಾಕಾದ ಹತ್ತಿರವಿರುವ ನಮ್ಮ ಸಮಾಲೋಚನಾ ಕೇಂದ್ರದ ಕಟ್ಟೆ ಹತ್ತುವಾಗ ಅದೇ ವಾಸನೆ ಬಂತು. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಚಹಾ ಕುಡಿದಿಟ್ಟ ಎರಡು ಕಪ್ಪು-ಬಸಿಗಳಿದ್ದವು. ಒಂದರ ಬಸಿ ಒಣಗಿತ್ತು, ಇನ್ನೊಂದರ ಬಸಿಯಲ್ಲಿ ಚಹಾದ ಕೆಂಪು ಉಂಗುರವಿತ್ತು. ಯಾರೋ ಬಸಿಗೆ ಸುರುವಿಕೊಂಡು ಕುಡಿದಿದ್ದರು. ಅಪ್ಪ-ಅವ್ವನ ನೆನಪಾಗಿ ನನಗೆ ಹಿತವೆನಿಸಬೇಕಿತ್ತು. ಆಗಲಿಲ್ಲ. ಎದೆಯಲ್ಲಿ ಅನುಮಾನದ ಎಳೆಯೊಂದು ಬಿಗಿಯಾಯಿತು.

ಯಾಕೆಂದು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ನಾನು ಮುಂಡರಗಿಯ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸಿ ನಿವೃತ್ತಳಾದವಳು. ಈಗ ಮಂಗಳವಾರ, ಶುಕ್ರವಾರ ಈ ಕೇಂದ್ರಕ್ಕೆ ಬರುತ್ತೇನೆ. ಸಮಾಲೋಚನೆ ಕಲಿಯುತ್ತಿರುವ ಇಬ್ಬರು ಇಲ್ಲಿದ್ದಾರೆ: ಲಕ್ಷ್ಮೇಶ್ವರದ ನೇತ್ರಾ ಮತ್ತು ಶಿರಹಟ್ಟಿಯಿಂದ ದಿನಾ ಬಸ್ಸಿಗೆ ಬರುವ ಸಿದ್ದಾರೂಢ. ಬಂದವರ ಜೊತೆ ಅವರು ಮಾತಾಡುತ್ತಾರೆ, ಆಮೇಲೆ ಅವರ ಜೊತೆ ನಾನು ಮಾತಾಡುತ್ತೇನೆ. ಒಳಗೆ ಏನಾಯಿತು, ಆ ಪ್ರಶ್ನೆ ಯಾಕೆ ಕೇಳಿದಿ, ಅವರು ಅತ್ತಾಗ ನಿನಗೇನಾಯಿತು ಎಂದು ವಿಚಾರಿಸುತ್ತೇನೆ. ಅದಕ್ಕೆ ಮೇಲ್ವಿಚಾರಣೆ ಎಂಬ ದೊಡ್ಡ ಹೆಸರು. ಮೊದಲ ದಿನವೇ ಇಬ್ಬರಿಗೂ ಒಂದು ನಿಯಮ ಹೇಳಿಕೊಟ್ಟಿದ್ದೆ: ಇಲ್ಲಿಗೆ ಯಾರು ಬರುತ್ತಾರೆಂದು ಯಾರೇ ಕೇಳಿದರೂ ಹೌದು ಎನ್ನಬೇಡಿ, ಅಲ್ಲ ಎಂದೂ ಎನ್ನಬೇಡಿ, ಹೇಳಲು ಬರುವುದಿಲ್ಲ ಎಂದಷ್ಟೇ ಹೇಳಿ.

ಆ ದಿನಗಳಲ್ಲಿ ನೇತ್ರಾಳ ಹತ್ತಿರ ಪ್ರತಿ ಶುಕ್ರವಾರ ವಾಣಿಶ್ರೀ ಬರುತ್ತಿದ್ದಳು. ಬೆಟಗೇರಿಯ ನೇಕಾರರ ಮನೆಯವಳು. ಹುಟ್ಟಿದಾಗ ಗಂಡುಮಗುವೆಂದು ಬೇರೆ ಹೆಸರಿಟ್ಟಿದ್ದಾರೆ. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ತಾನು ಹೆಣ್ಣು ಎಂಬುದು ಅವಳಿಗೆ ಚಿಕ್ಕಂದಿನಿಂದ ಗೊತ್ತು. ವಾಣಿಶ್ರೀ ಎಂದು ಅವಳನ್ನು ಕರೆಯುತ್ತಿದ್ದುದು ನಮ್ಮ ನಾಲ್ಕು ಗೋಡೆಗಳ ಒಳಗೆ ಮಾತ್ರ. ಶರ್ಟು-ಪ್ಯಾಂಟಿನಲ್ಲಿ ಬಂದು, ಆ ಹೆಸರು ಕೇಳಿದ ಕೂಡಲೆ ಭುಜ ಇಳಿಬಿಟ್ಟು ಕೂಡುತ್ತಿದ್ದಳು. ತಿಂಗಳಿಗೊಮ್ಮೆ ಹುಬ್ಬಳ್ಳಿಯಿಂದ ಬರುವ ಮನೋವೈದ್ಯರನ್ನು ಕಂಡು, ಹಾರ್ಮೋನು ಚಿಕಿತ್ಸೆಯ ಬಗ್ಗೆ ಎಲ್ಲ ತಿಳಿದುಕೊಂಡು, ಮುಂದಿನ ಹೆಜ್ಜೆ ಇಡುವವಳಿದ್ದಳು. ಅವಳದೊಂದೇ ಮಾತು.

"ಅವ್ವಗ ನಾನಽ ಹೇಳಬೇಕ್ರಿ. ಮಂದಿ ಬಾಯಿಲೆ ಕೇಳಬಾರದು ಅಕಿ. ಅಪ್ಪ ತೀರಿದ ಮ್ಯಾಲೆ ಮನ್ಯಾಗ ಕಾಕಾಂದಽ ನಡೀತೈತಿ. ಅಂವಗ ಮೊದಲ ಖಬರ ಹತ್ತಿದ್ರ, ಅವ್ವ ಬಾಯಿ ತಗಿಯಾಕನೂ ಬಿಡೂದಿಲ್ಲ."

ಶ್ರಾವಣದ ಮೊದಲ ಶುಕ್ರವಾರ ನೇತ್ರಾ ಮನೆಯಿಂದ ಅರಿಷಿಣ-ಕುಂಕುಮದ ಬಟ್ಟಲು ತಂದಿದ್ದಳು. ಅವರ ಮನೆಯಿಂದ ಶುಕ್ರವಾರ ಯಾವ ಹೆಣ್ಣುಮಗಳೂ ಅರಿಷಿಣ-ಕುಂಕುಮ ಇಲ್ಲದೆ ಹೊರಗೆ ಹೋಗುವಂತಿಲ್ಲವಂತೆ. ಕಸ ಹೊಡೆಯುವ ಶಮಶಾದಬಿಗೂ, "ಹಚ್ಚಲೇನ್ರಿ ಚಿಗವ್ವಾ?" ಎಂದು ಕೇಳಿದಳು. ಆಕೆ ನಕ್ಕು, "ನಂಗ ಬ್ಯಾಡವಾ, ಬಾಳೆಹಣ್ಣ ಇದ್ರ ಕೊಡು" ಎಂದಳು. ಮಾತು ಮುಗಿಸಿ ಹೊರಟ ವಾಣಿಶ್ರೀಯನ್ನು ನೇತ್ರಾ ಹೊಸ್ತಿಲಲ್ಲಿ ನಿಲ್ಲಿಸಿ, ಹಣೆಗೆ ಕುಂಕುಮ ಇಟ್ಟು, ಎರಡೂ ಗಲ್ಲಕ್ಕೆ ಅರಿಷಿಣ ಹಚ್ಚಿದಳು. ವಾಣಿಶ್ರೀ ಅಲುಗಾಡಲಿಲ್ಲ. ಕಣ್ಣು ಮುಚ್ಚಿ ನಿಂತಳು. ಅವಳಿಗೆ ಯಾರೂ ಹಾಗೆ ಹಚ್ಚಿರಲಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ನನಗೂ ಕಣ್ಣು ತುಂಬಿತು.

ಆಗ ಸಿದ್ದಾರೂಢ ನನ್ನ ಹಿಂದೆ ಬಂದು ಮೆಲ್ಲಗೆ, "ಮೇಡಂರಿ, ಅಕಿಗೆ ಮಾರಿ ತೊಳಕೊಂಡ ಹೋಗಂತ ಹೇಳ್ರಿ" ಎಂದ.

ಆ ಮಾತು ನನಗೆ ಚುಚ್ಚಿತು. "ಸುಮ್ನಿರು" ಎಂದೆ. ಅವನು ಇನ್ನೇನೋ ಹೇಳಲು ಬಾಯಿ ತೆರೆದಿದ್ದ. ಮತ್ತೊಮ್ಮೆ ಸುಮ್ಮನಿರಲು ಹೇಳಿದೆ.

ಅವನ ಮೇಲೆ ನನಗೆ ಮೊದಲೇ ಅಷ್ಟು ಭರವಸೆ ಇರಲಿಲ್ಲ. ಹಣೆಯ ತುಂಬ ವಿಭೂತಿ, ಮಾತು ಕಡಿಮೆ. ಒಮ್ಮೆ ವಾಣಿಶ್ರೀಯ ಬಗ್ಗೆ "ಅಂವ" ಎಂದುಬಿಟ್ಟು, ನಾಲಿಗೆ ಕಚ್ಚಿಕೊಂಡು, ತಿದ್ದಿಕೊಂಡಿದ್ದ. ನೇತ್ರಾ ಹತ್ತು ಪ್ರಶ್ನೆ ಕೇಳಿದರೆ ಇವನು ಒಂದನ್ನೂ ಕೇಳುವುದಿಲ್ಲ. ಒಪ್ಪಿದ್ದಾನೋ, ಕಲಿಯುವ ಸಲುವಾಗಿ ಸಹಿಸಿಕೊಂಡಿದ್ದಾನೋ ತಿಳಿಯುತ್ತಿರಲಿಲ್ಲ. ಮುಖ ತೊಳೆಸಬೇಕು ಎಂದ ದಿನ, ಇವನಿಗೆ ಇದು ಒಳಗೊಳಗೆ ಹೇಸಿಗೆ ಎಂದೇ ತಿಳಿದೆ.

ಮುಂದಿನ ಶುಕ್ರವಾರ ವಾಣಿಶ್ರೀ ಬಂದಾಗ ಮುಖ ಬಿಳಿಚಿತ್ತು. ನನ್ನನ್ನೂ ಒಳಗೆ ಕರೆಸಿದಳು.

"ಅವ್ವಗ ಗೊತ್ತಾಗೈತ್ರಿ" ಎಂದಳು.

"ಏನರ ಅಂದ್ರೇನು?" ನೇತ್ರಾ ಕೇಳಿದಳು.

"ಅಂದಿಲ್ರಿ. ಅದಕ್ಕಽ ಅಂಜಿಕಿ. ನಮ್ಮದು ಒಂದಽ ಖೋಲಿ, ಅದರಾಗಽ ಮಗ್ಗ. ಮೊನ್ನೆ ನಾ ಬರೂದ್ರಾಗ ಮೂಲ್ಯಾಗ ಹಳೀ ಸೀರಿ ಕಟ್ಟಿ ಪಡದಾ ಮಾಡ್ಯಾಳ. ಯಾಕಬೇ ಅಂದ್ರ 'ನೀ ಬಟ್ಟಿ ಬದಲಸಾಕ' ಅಂದ್ಲು. ಇಷ್ಟ ವರ್ಷ ಇರಲಾರದ ಪಡದಾ ಈಗ್ಯಾಕ? ಗಂಡ ಹುಡುಗಗ ಯಾರರ ಪಡದಾ ಕಟ್ಟತಾರೇನ್ರಿ?"

ಅವಳು ನಮ್ಮಿಬ್ಬರ ಮುಖವನ್ನೂ ನೋಡಿದಳು.

"ನಾ ಯಾರಿಗೂ ಹೇಳಿಲ್ಲ. ಗೊತ್ತಿದ್ದವರು ಈ ಮನ್ಯಾಗಿನವರಽ. ಯಾರ ಹೇಳ್ಯಾರ ಅಂತ ಮುಂದಿನ ಶುಕ್ರವಾರ ಹೇಳ್ರಿ ನನಗ. ಇಲ್ಲಾಂದ್ರ ಇಲ್ಲಿಗೆ ಬರೂದಿಲ್ಲ, ಡಾಕ್ಟರ ಕಡೆನೂ ಹೋಗೂದಿಲ್ಲ. ಅಕೀಗೆ ನಾನಽ ಹೇಳೂದು ಅಷ್ಟಽ ಇತ್ರಿ ನನ್ನ ಕಡೆ. ಅದನ್ನೂ ಯಾರೋ ತಗೊಂಡ್ರು."

ಅವಳು ಹೋದ ಮೇಲೆ ನೇತ್ರಾ, "ನಾನಂತೂ ಅಲ್ರಿ" ಎಂದಳು. ನಾನೂ ಅಲ್ಲ. ಶಮಶಾದಬಿ ಕಸ ಹೊಡೆದು ಬೆಳಿಗ್ಗೆಯೇ ಮನೆಗೆ ಹೋಗುವವಳು, ಅವಳಿಗೆ ಇದಾವುದೂ ಗೊತ್ತಿಲ್ಲ. ಉಳಿದವನು ಯಾರೆಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಹೊರಗೆ ಸಿದ್ದಾರೂಢ ಕುಡಿಯುವ ನೀರಿನ ಕೊಡ ತುಂಬುತ್ತಿದ್ದ.

ಅದಾದ ನಂತರದ ಮಂಗಳವಾರವೇ ನಾನು ಮೊದಲು ಹೇಳಿದ ವಾಸನೆಯ ದಿನ. ಇಡೀ ಗದಗಿನಲ್ಲಿ ಈಗ ಮನೆಯಲ್ಲಿ ಗಂಜಿ ಕಾಯಿಸುವವರು ಎಷ್ಟು ಜನ ಉಳಿದಿದ್ದಾರೆ? ವಾಣಿಶ್ರೀಯ ಮನೆಯವರು ಅವರಲ್ಲಿ ಒಬ್ಬರು. ಆ ಮನೆಯ ಯಾರೋ ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಹೋಗಿದ್ದಾರೆ. ಜೊತೆಗೆ ಕುಡಿದವನು ಒಳಗಿದ್ದಾನೆ.

ಸಿದ್ದಾರೂಢನನ್ನು ಕರೆದು ಕೂಡಿಸಿದೆ.

"ಯಾರ ಬಂದಿದ್ರು?"

ಅವನು ನೆಲ ನೋಡಿದ. ಕಿವಿ ಕೆಂಪಾದವು. "ಹೇಳಾಕ ಬರೂದಿಲ್ರಿ ಮೇಡಂ."

"ನನ್ನ ಮುಂದೂ ಹೇಳಾಕ ಬರೂದಿಲ್ಲೇನು?"

"ಹೌದ್ರಿ."

"ಬೆಟಗೇರಿ ಕಡೇದವರಲ್ಲ?"

"ಹೌದು ಅನ್ನಾಕೂ ಬರೂದಿಲ್ರಿ, ಅಲ್ಲ ಅನ್ನಾಕೂ ಬರೂದಿಲ್ರಿ."

ನಾನು ಕಲಿಸಿದ ಮಾತನ್ನು ನನಗೇ ಅಡ್ಡ ಹಿಡಿದು, ಅದರ ಹಿಂದೆ ಅಡಗಿಕೊಂಡಿದ್ದಾನೆ ಅನ್ನಿಸಿತು. ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ವಿದ್ಯೆ ಕೊಟ್ಟವರೇ ಅದನ್ನು ಯಾರ ಕೈಗೆ ಕೊಟ್ಟೆವೆಂದು ತಿಳಿಯದಿದ್ದರೆ, ನಂಬಿ ಬಂದವರ ಗತಿ ಏನು?

ನೇತ್ರಾಳಿಗೆ ಅವನ ಮೇಲೊಂದು ಕಣ್ಣಿಡಲು ಹೇಳಿದೆ. ಹೇಳುವಾಗಲೇ ನನ್ನ ಬಾಯಿ ನನಗೇ ಕಹಿಯಾಯಿತು. ಬುಧವಾರ ಸಂಜೆ ಅವಳು ಫೋನು ಮಾಡಿ, "ಮೇಡಂರಿ, ಒಬ್ಬಾಕಿ ವಯಸ್ಸಾದಾಕಿ ಬಂದಿದ್ಲರಿ. ಇಬ್ರೂ ಕಟ್ಟಿ ಮ್ಯಾಲೆ ಕುಂತಿದ್ರು. ನಾ ಹೊರಗ ಬಂದ ಕೂಡ್ಲೇ ಅಕಿ ಸೆರಗ ಹೊಚಗೊಂಡ ಎದ್ದ ಹೋದ್ಲು. ಇವ ನೋಡಿದ್ರ ಏನೂ ಆಗಿಲ್ಲ ಅನ್ನೂವರಂಗ ಕಪ್ಪ ತೊಳಿಯಾಕ ಹತ್ತಿದ" ಎಂದಳು.

ಗುರುವಾರ ನಾನು ಬರುವ ದಿನವಲ್ಲ. ಆದರೂ ಆಟೊ ಹಿಡಿದು ಹೋದೆ. ಕೇಂದ್ರದ ಮುಂದೆ ಇಳಿಯದೆ, ರಸ್ತೆಯ ಆಚೆ ಇಜಾಜನ ಔಷಧದ ಅಂಗಡಿಯಲ್ಲಿ ನಿಂತೆ. "ಏನ ಬೇಕ್ರಿ ಅಕ್ಕಾರ?" ಎಂದ ಅವನು. ಏನೂ ಬೇಕಿರಲಿಲ್ಲ. ಮೊಣಕಾಲು ನೋವಿನ ಮುಲಾಮು ಕೇಳಿದೆ. ಅದನ್ನವನು ಕೊಟ್ಟು, ನಾನು ಇನ್ನೂ ನಿಂತೇ ಇದ್ದುದನ್ನು ನೋಡಿ, ಏನೂ ಕೇಳದೆ ತನ್ನ ಸ್ಟೂಲನ್ನು ನನ್ನತ್ತ ಸರಿಸಿದ. ಹೀಗೆ ಕದ್ದು ನೋಡಲು ಬಂದವಳಿಗೆ ಅದು ದೊಡ್ಡ ಉಪಕಾರವೇ.

ಕಟ್ಟೆಯ ಮೇಲೆ ನೀಲಿ ಇಲಕಲ್ ಸೀರೆಯ ಹೆಂಗಸೊಬ್ಬಳು ಕೂತಿದ್ದಳು. ಸಿದ್ದಾರೂಢ ಕಪ್ಪು-ಬಸಿ ತಂದುಕೊಟ್ಟು, ಒಂದು ಮೆಟ್ಟಿಲು ಕೆಳಗೆ ಕೂತ. ಅವಳು ಕೈ ಆಡಿಸುತ್ತ ಏನೇನೋ ಹೇಳುತ್ತಿದ್ದಳು. ಅವನು ತಲೆ ಆಡಿಸುತ್ತಿದ್ದನೇ ಹೊರತು ತುಟಿ ಬಿಚ್ಚಲಿಲ್ಲ. ಎಷ್ಟು ಹೊತ್ತು ನೋಡಿದರೂ ಬಿಚ್ಚಲಿಲ್ಲ. ಕೊನೆಗೆ ನಾನೇ ರಸ್ತೆ ದಾಟಿ ಹೋದೆ.

ನನ್ನನ್ನು ನೋಡಿ ಅವನು ಎದ್ದು ನಿಂತ. ಅವಳು ಏಳಲಿಲ್ಲ. ಹತ್ತಿರ ಹೋದಂತೆ ಗಂಜಿಯ ವಾಸನೆ ಬಂತು.

"ನೀವಽ ಏನ್ರಿ ಇಲ್ಲಿ ದೊಡ್ಡಾಕಿ?" ಎಂದಳು.

"ಹೌದ್ರಿ. ಲಕ್ಷ್ಮೀದೇವಿ ಅಂತ. ಒಳಗ ಬರ್ರಿ, ಕುಂಡ್ರಿ."

"ಇಲ್ಲೇ ಚಲೋ ಐತಿ. ನನ್ನ ಹೆಸರು ಚೌಡವ್ವ. ಸ್ವಾಮಾರದಿಂದ ಬರಾಕತ್ತೀನಿ. ಈ ತಮ್ಮಗ ಏನ ಕೇಳಿದ್ರೂ 'ಹೇಳಾಕ ಬರೂದಿಲ್ಲಬೇ' ಅಂತಾನ. ಉಂಡೀಯೇನೋ ಯಪ್ಪಾ ಅಂತ ಕೇಳಾಕನೂ ಅಂಜಿಕಿ ಆಗೈತಿ ನನಗ, ಅದಕ್ಕೂ ಹೇಳಾಕ ಬರೂದಿಲ್ಲ ಅಂದಾನಂತ."

ಸಿದ್ದಾರೂಢ ನಗಬೇಕೋ ಬೇಡವೋ ತಿಳಿಯದೆ ತನ್ನ ಕಪ್ಪು ಎತ್ತಿಕೊಂಡ.

"ಏನ ಕೇಳಾಕ ಬಂದೀರಿ?"

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮಗ್ಗದ ಮೇಲಿನ ಬಟ್ಟೆಯಲ್ಲಿ ಎಳೆ ಎಲ್ಲಿ ಕಡಿದಿದೆ ಎಂದು ಹುಡುಕುವ ನೋಟ. ನಮ್ಮವ್ವನೂ ಹಾಗೆಯೇ ನೋಡುತ್ತಿದ್ದಳು.

"ಹೋದ ಶುಕ್ರವಾರ ನನ್ನ ಕೂಸಿನ ಹಿಂದಽ ಬಂದೆ. ಈ ಮನಿ ಹೊಕ್ಕಿದ್ದು ನೋಡೀನಿ. ನೀವು ಹೌದನಬ್ಯಾಡ್ರಿ, ಅಲ್ಲನಬ್ಯಾಡ್ರಿ, ಆ ಹಾಡು ಕೇಳಿ ಸಾಕಾಗೈತಿ. ಅದರ ಹಿಂದಿನ ಶುಕ್ರವಾರ ರಾತ್ರಿ ಊಟಕ್ಕ ನೀಡೂ ಮುಂದ ಕಿವಿ ಬುಡಕ ಹಳದಿ ಕಂಡಿತ್ತು. ಒರಸ್ಕೊಂಡಿತ್ತು ಪಾಪ. ಅರಿಷಿಣ ಒರಸಿದ್ರ ಹೋಗತೈತೇನ್ರಿ? ಎದುರಿಗೆ ನಮ್ಮ ಮೈದುನ ವೆಂಕಪ್ಪ ಉಣ್ಣಾಕತ್ತಿದ್ದ. ಅಂವ ನೋಡೂದ್ರಾಗ 'ಮಾರಿ ತೊಳಕೊ ಹೋಗು, ನೂಲಿನ ಬಣ್ಣ ಹತ್ತೈತಿ' ಅಂತ ಎಬ್ಬಿಸಿ ಕಳಿಸಿದೆ."

ಆ ಶುಕ್ರವಾರ ಕಣ್ಣ ಮುಂದೆ ಬಂತು. ಹೊಸ್ತಿಲಲ್ಲಿ ಕಣ್ಣು ಮುಚ್ಚಿ ನಿಂತ ವಾಣಿಶ್ರೀ, ನೇತ್ರಾಳ ಹಳದಿ ಬೆರಳು, "ಸುಮ್ನಿರು" ಎಂದ ನನ್ನ ದನಿ.

ಚೌಡವ್ವ ಮುಂದುವರಿಸಿದಳು. "ಸಣ್ಣದಿದ್ದಾಗಿಂದ ನಾ ನೋಡಿಲ್ಲೇನ್ರಿ? ನನ್ನ ಸೆರಗು ತಲಿ ಮ್ಯಾಲೆ ಹಾಕ್ಕೊಂಡು ಮಗ್ಗದ ಕೆಳಗ ಕುಂಡ್ರತಿತ್ತು. ಬೈದೀನಿ, ಬಡದೀನಿ, ಆಮ್ಯಾಲೆ ಬಿಟ್ಟೀನಿ. ಅದು ನನಗ ಹೊಸಾದಲ್ಲ. ಆದ್ರ ಗಲ್ಲಕ್ಕ ಅರಿಷಿಣ ಹಚ್ಚಿ ಕಳಿಸಿದವರು ಯಾರು? ಮಂದಿ ಎಂಥಾವ್ರದಾರ ಗೊತ್ತಿಲ್ಲೇನು? ಚಾಷ್ಟಿ ಮಾಡಿ ಹಚ್ಯಾರೋ, ಅಕ್ಕರ್ತೀಲೆ ಹಚ್ಯಾರೋ? ಔಷಧ ಗಿವುಷಧ ಹಾಕಿ ಎಲ್ಲಿಗರ ಕಳಸೂ ಮಂದ್ಯೋ? ಅಷ್ಟಽ ಗೊತ್ತಾಗಬೇಕಿತ್ತು. ಕುಂತು ನೋಡೂಣಂತ ಕುಂತೆ."

ನಿಯಮ ನನಗೂ ಒಂದೇ. ಯಾರು ಬರುತ್ತಾರೆ ಎಂದು ನಾನು ಹೇಳುವಂತಿಲ್ಲ. ಆದರೆ ನಾವು ಎಂಥವರು ಎಂದು ಹೇಳಬಹುದಿತ್ತು.

"ಚೌಡವ್ವಾರ, ಈ ಮನ್ಯಾಗ ನಾವು ಯಾರನ್ನೂ ಏನೂ ಮಾಡೂದಿಲ್ರಿ. ಬಂದವರು ತಾವ ಏನಂತ ಹೇಳತಾರೋ ಅದನ್ನ ಕೇಳತೀವಿ, ನಂಬತೀವಿ. ಡಾಕ್ಟರ್ ಕಡೆ ಹೋಗೂದಿದ್ರ ಅವರಽ ತಿಳಕೊಂಡು, ಅವರಽ ಹೋಗಬೇಕು, ನಾವು ದೂಡೂದಿಲ್ಲ. ಇನ್ನ ಅರಿಷಿಣದ ಮಾತು. ಶುಕ್ರವಾರ ಹೆಣ್ಣುಮಕ್ಕಳಿಗೆ ಇಲ್ಲಿ ಅಕ್ಕರ್ತೀಲೆ ಹಚ್ಚತಾರ. ಚಾಷ್ಟಿ ಮಾಡೂ ಕೈ ಇಲ್ಲಿ ಇಲ್ಲ."

ಅವಳು ಬಸಿಯಲ್ಲಿ ಉಳಿದ ಚಹಾ ಕುಡಿದು, ಕಪ್ಪನ್ನು ಅದರ ಮೇಲೆ ನೆಟ್ಟಗೆ ಇಟ್ಟಳು.

"ನಾ ಬಂದಿದ್ದು ಕೂಸಿಗೆ ಹೇಳಬ್ಯಾಡ್ರಿ. ಮಾತು ಅದರ ತುಟೀತನಕ ಬಂದೈತಿ, ನನಗ ಕಾಣಸ್ತೈತಿ. ನಾ ಮುಂಚೆ ಬಾಯಿ ಹಾಕಿದ್ರ ಹೊಳ್ಳಿ ಒಳಗ ಹೋಗತೈತಿ. ತಾನಽ ಹೇಳಲಿ. ಈ ತಮ್ಮಗೂ ಅದನ್ನಽ ಹೇಳಿದ್ದೆ, ಯಾರಿಗೂ ತಿಳಿಸಬ್ಯಾಡ ಅಂತ."

ಅವಳು ಹೋದ ಮೇಲೆ ಸಿದ್ದಾರೂಢನೂ ನಾನೂ ಕಟ್ಟೆಯ ಮೇಲೆಯೇ ಉಳಿದೆವು.

"ನನ್ನ ಮುಂದ ಹೇಳಬಹುದಿತ್ತಲ್ಲೋ. ಮೇಲ್ವಿಚಾರಣಿ ಅಂದ್ರ ಅದಕ್ಕಽ ಅಲ್ಲೇನು ಇರೂದು?"

"ಹಂಗಂತ ನೀವು ಹೇಳಿದ್ದಿಲ್ರಿ. ಯಾರ ಕೇಳಿದ್ರೂ ಅಂದ್ರಿ. ಅಕೀನೂ ಈ ಮನಿಗೆ ಬಂದಾಕೀನಽ ಅಲ್ಲೇನ್ರಿ ಅಂತ ತಿಳಕೊಂಡ್ನಿ." ಸ್ವಲ್ಪ ತಡೆದು, "ನೀವು ನನ್ನ ಮ್ಯಾಲೆ ಸಂಶೇ ತಗೊಂಡೀರಂತ ಗೊತ್ತಿತ್ರಿ. ನೇತ್ರಾ ಕಿಡಕ್ಯಾಗ ನಿಂತ ನೋಡತಿದ್ಲು. ಅಕೀಗೆ ಕದ್ದ ನೋಡಾಕ ಬರೂದಿಲ್ರಿ, ಬಳಿ ಸಪ್ಪಳ ಆಗತಾವು" ಎಂದ.

"ಆ ಶುಕ್ರವಾರ ಮಾರಿ ತೊಳಸ್ರಿ ಅಂದ್ಯಲ್ಲ, ಅದು?"

"ನಮ್ಮಕ್ಕನ ಗಲ್ಲಕ್ಕ ಹಚ್ಚಿದ್ದು ಎರಡು ದಿನಾ ಹೋಗೂದಿಲ್ರಿ. ಇಕಿ ಶರ್ಟ್ ಹಾಕ್ಕೊಂಡು ಬೆಟಗೇರಿ ತನಕ ಹೋಗಬೇಕು, ಓಣ್ಯಾಗ ಮಂದಿ ಇರತಾರ, ಅದಕ್ಕಂದ್ನಿ. ತೊಳಕೊಳ್ಳಾಕ ಸಬಕಾರ ಸೈತ ತಂದಿದ್ನಿ. ನೀವು ಸುಮ್ನಿರು ಅಂದ್ರಿ."

ಹೌದು, ಅಂದಿದ್ದೆ. ಅವನ ಮುಖದಲ್ಲಿ ದೂರಿರಲಿಲ್ಲ. ನನಗೆ ಅದೇ ಕಷ್ಟವಾಯಿತು. "ತಪ್ಪಾತಪ್ಪಾ" ಎಂದೆ. ಅವನು ಗಾಬರಿಯಾಗಿ ಕಪ್ಪು-ಬಸಿ ತೊಳೆಯಲು ಒಳಗೆ ಹೋದ.

ಶುಕ್ರವಾರ ಬೆಳಿಗ್ಗೆ ನೇತ್ರಾಳಿಗೆ ಎಲ್ಲ ಹೇಳಿದೆ. ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಅಕಿಗೆ ನಾನಽ ಹೇಳತೀನ್ರಿ. ಅವರವ್ವ ಬಂದಿದ್ದು ಬಿಟ್ಟು ಉಳದದ್ದೆಲ್ಲಾ" ಎಂದಳು.

ಹಾಗೆಯೇ ಹೇಳಿದಳು. ಸುತ್ತಿ ಬಳಸಲಿಲ್ಲ. "ಬಾಯಿಲೆ ಯಾರೂ ಹೇಳಿಲ್ಲ ವಾಣಿಶ್ರೀ. ನನ್ನ ಕೈಲೆ ಆಗೈತಿ. ಅವತ್ತ ನಾ ಅರಿಷಿಣ ಹಚ್ಚಿದೆ, ನೀ ಹಂಗಽ ಮನಿಗೆ ಹೋದಿ. ನೀ ಎಲ್ಲಿಗೆ ಹೊಂಟೀದಿ ಅಂತ ನಾ ವಿಚಾರ ಮಾಡಲಿಲ್ಲ. ತಪ್ಪು ನಂದು."

"ನಂದೂ. ನಾ ನಿಂತು ನೋಡೀನಿ" ಎಂದೆ ನಾನು.

ವಾಣಿಶ್ರೀಯ ಕೈ ಗಲ್ಲಕ್ಕೆ ಹೋಯಿತು. "ಹಾದ್ಯಾಗ ಒರಸ್ಕೊಂಡಿದ್ದೆ ನಾ. ಅವ್ವ ಅದನ್ನ ನೋಡಿದ್ಲು ಖರೆ, ಆದ್ರ ಅರಿಷಿಣ ಅಂತ ತಿಳೀಲಿಲ್ರಿ ಅಕೀಗೆ. ನೂಲಿನ ಬಣ್ಣ ಅಂದ್ಲು, ಕಾಕಾನ ಮುಂದಽ..." ಮಾತು ಅಲ್ಲಿಗೆ ನಿಂತಿತು. ಕಿಟಕಿಯ ಕಡೆ ನೋಡುತ್ತ ಕೂತಳು.

"ಈ ತಿಂಗಳಾ ಪೂರಾ ನಮ್ಮ ಮಗ್ಗದ ಮ್ಯಾಲೆ ಬಿಳೀ ನೂಲಽ ಐತ್ರಿ" ಎಂದಳು ಕೊನೆಗೆ. "ಬಣ್ಣದ್ದು ಒಂದ ಎಳೀನೂ ಇಲ್ಲ."

ಅವಳು ಅಳುತ್ತಿದ್ದಳು, ನಡುವೆ ಒಮ್ಮೆ ನಕ್ಕಳು. "ಅದಕ್ಕಽ ಪಡದಾ" ಎಂದು ತನಗೇ ಹೇಳಿಕೊಂಡಳು.

ಆಮೇಲೆ ನೇತ್ರಾಳ ಕಡೆ ತಿರುಗಿದಳು. "ನನಗ ಸಿಟ್ಟ ಬಂದೈತ್ರಿ ನಿಮ್ಮ ಮ್ಯಾಲೆ."

"ಬರಬೇಕಾದ್ದಽ."

"ಇನ್ನ ಮ್ಯಾಲೆ ಗಲ್ಲಕ್ಕ ಹಚ್ಚಬ್ಯಾಡ್ರಿ." ಸ್ವಲ್ಪ ತಡೆದಳು. "ಅಂಗೈಗೆ ಹಚ್ರಿ. ಮುಚಗೊಂಡು ಹೋಗತೀನಿ."

ಡಾಕ್ಟರ ಕಡೆ ಹೋಗುವೆಯೋ ಎಂದು ನಾನು ಕೇಳಲಿಲ್ಲ. ಅವಳೇ, "ಮೊದಲ ಅವ್ವಗ ಹೇಳತೀನ್ರಿ. ಮುಂದಿಂದು ಮುಂದ" ಎಂದಳು. ಯಾವಾಗ, ಹೇಗೆ, ಎಲ್ಲಿ ಕೂತು ಹೇಳುವುದೆಂದು ನೇತ್ರಾ ಅವಳೊಡನೆ ಮೆಲ್ಲಗೆ ಮಾತು ತೆಗೆದಳು. ಮಗ್ಗದ ಹತ್ತಿರ ಬೇಡ, ಕಾಕಾ ಸಂತೆಗೆ ಹೋದ ದಿನ ಗಂಜಿ ಕಾಯಿಸುವಾಗ ಹೇಳಬೇಕು, ಆಗ ಅವ್ವನ ಕೈಗೆ ಬಿಡುವಿರುವುದಿಲ್ಲ, ಎದ್ದು ಹೋಗಲಾರಳು, ಎಂದು ವಾಣಿಶ್ರೀಯೇ ಲೆಕ್ಕ ಹಾಕಿದಳು.

ನಾನು ಅವರನ್ನು ಬಿಟ್ಟು ಪಡಸಾಲೆಗೆ ಬಂದೆ. ಕಟ್ಟೆಯ ಮೇಲೆ ಚೌಡವ್ವ ನಿಂತಿದ್ದಳು. ಇಂದು ಕೂತಿರಲಿಲ್ಲ. ಸಿದ್ದಾರೂಢ ಎದುರಿಗಿದ್ದ. ಅವಳು ಬಿಳಿಯ ಬಟ್ಟೆಯಲ್ಲಿ ಕಟ್ಟಿದ ಬುತ್ತಿಯೊಂದನ್ನು ಅವನ ಕೈಗಿಟ್ಟಳು.

"ರೊಟ್ಟಿ ಅದಾವು, ಪುಂಡಿಪಲ್ಯ ಐತಿ. ಒಳಗ ಯಾರರ ಹಸದವರಿದ್ರ ಕೊಡು. ಯಾರು ಅಂತ ನಾ ಕೇಳೂದಿಲ್ಲ."

"ಆತಬೇ" ಎಂದ ಅವನು.

ಅವಳು ಒಳಗೆ ಇಣುಕಲಿಲ್ಲ. ಮೆಟ್ಟಿಲ ಬಳಿ ಬಿಟ್ಟಿದ್ದ ಚಪ್ಪಲಿಗಳ ಮೇಲೆ ಒಂದು ಗಳಿಗೆ ಕಣ್ಣು ನಿಲ್ಲಿಸಿ, ಸೆರಗು ಸರಿಪಡಿಸಿಕೊಂಡು ನಾಕಾದ ಕಡೆ ನಡೆದಳು.

ಸಿದ್ದಾರೂಢ ಬುತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಅವನು ಒಳಗಿನ ಕೋಣೆಯ ಬಾಗಿಲನ್ನು ಬೆರಳಿನಿಂದ ತಟ್ಟಿ, ಒಳಗೆ ಹೋಗಿ, ಏನೂ ಹೇಳದೆ ಅದನ್ನು ವಾಣಿಶ್ರೀಯ ಕೈಗೆ ಕೊಟ್ಟ. ಗಂಟು ಬಿಚ್ಚುವ ಮೊದಲು ಅವಳು ಆ ಬಟ್ಟೆಯನ್ನು ಮೂಗಿನ ಹತ್ತಿರ ಒಯ್ದಳು.